ಮೂವತ್ತು ಸೆಕೆಂಡಿಗೊಂದು ಪುಟ

ಎಣ್ಣೆ ಹಚ್ಚಬೇಡಿ ಎಂದಿದ್ದರೂ
ಹಚ್ಚಿಕೊಂಡೇ ಬಂದಿದ್ದರು ಬುಡೇನ್ ಸಾಬರು.
ವಾಶ್ ಬೇಸಿನ್ನಿನಲ್ಲಿ ನಾನೇ ತಲೆ ತೊಳೆದೆ, ಒರೆಸಿದೆ,
ಟೇಪು ಹಿಡಿದು ಅಳೆದೆ, ಮೂಗಿನ ಬುಡದಿಂದ
ಹಿಂದಲೆಯ ಗಂಟಿನವರೆಗೆ: ಮೂವತ್ತಾರು ಸೆಂಟಿಮೀಟರು.
ದರ್ಜಿಯ ಹಾಗೆ ಕೆಂಪು ಪೆನ್ಸಿಲಿನ ಗುರುತು.
'ಟೋಪಿ ಹೊಲೀತೀಯೇನಮ್ಮಾ?' ಅಂದರು.
ಮುಖ ಅಲ್ಲಾಡಲಿಲ್ಲ.
ಆ ಮುಖ ನಗುವುದನ್ನು ಬಿಟ್ಟು ನಾಲ್ಕು ವರ್ಷವಂತೆ,
ನಗುವುದು ದನಿಯೊಂದೇ.

ಮೊಣಕೈವರೆಗೂ ಸುಟ್ಟ ಕಲೆ, ಎಳ್ಳು ಚೆಲ್ಲಿದಂತೆ.
ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ
ಹೊಟ್ಟಿನ ಬೆಂಕಿ, ಕಾದ ಉಸುಕು, ಜರಡಿ.
ಈಗ ಆ ಬಲಗೈ
ಬೆಳಗಿನಿಂದ ರಾತ್ರಿಯವರೆಗೆ
ಇಲ್ಲದ ಜರಡಿಯೊಂದನ್ನು ಆಡಿಸುತ್ತಲೇ ಇರುತ್ತದೆ.
'ಭಟ್ಟಿ ನಾನು ಬಿಟ್ಟೆ. ಅದು ನನ್ನ ಬಿಡವಲ್ದು.'

ರೋಗಿಯ ಕಡೆಯವರು ಹೊರಗಿರಬೇಕೆಂದು ನಿಯಮ.
ಖೈರುನ್ನಬಿ ಮಂಚದ ಪಕ್ಕ ಸ್ಟೂಲೆಳೆದು ಕುಳಿತರು, ತಸ್ಬಿ ಹಿಡಿದು.
ನಾನು ನೋಡಲಿಲ್ಲ.

ಗೋಡೆಯ ಈಚೆ ನನ್ನ ಪರದೆ.
ಮೂವತ್ತು ಸೆಕೆಂಡಿಗೊಂದು ಪುಟ,
ರಾತ್ರಿಗೆ ಒಂಬೈನೂರ ಅರವತ್ತು,
ಒಂದರಲ್ಲೂ ಅಕ್ಷರವಿಲ್ಲ.
ಹನ್ನೆರಡೂವರೆಗೆ ಗೀಟುಗಳು ಸಡಿಲಾದವು,
ಒಂದರ ಹಿಂದೊಂದು ನಿಧಾನ ಏರಿ
ಇನ್ನೂ ನಿಧಾನ ಇಳಿಯತೊಡಗಿದವು.

ಗಾಢ ನಿದ್ದೆಯ ಅಲೆಗೂ ಒಂದು ಅಳತೆ ಇದೆ:
ಎಪ್ಪತ್ತೈದು ಮೈಕ್ರೋವೋಲ್ಟು ಎತ್ತರ, ಕಡಿಮೆಯಾದರೆ ನಡೆಯದು,
ಪೊಲೀಸ್ ಭರ್ತಿಯಲ್ಲಿ ಹುಡುಗರ ಎದೆ ಅಳೆದ ಹಾಗೆ.
ಇವರದು ಅರವತ್ತೆಂಟು.
ಎಪ್ಪತ್ತೊಂದು.
ಅರವತ್ತೊಂಬತ್ತು.
ಅದೂ ನುಣ್ಣಗಿಲ್ಲ. ಒಂದೊಂದು ಅಲೆಯ ಬೆನ್ನ ಮೇಲೂ
ಗರಗಸದ ಸಣ್ಣ ಹಲ್ಲು, ಸೆಕೆಂಡಿಗೆ ಇಪ್ಪತ್ತು,
ಮಲಗಿದ ಓಣಿಯಲ್ಲಿ ಯಾರದೋ ಮನೆಯ ಮಿಕ್ಸಿ ಒಂದೇ ಸಮ.

ಕ್ಯಾಮೆರಾದಲ್ಲಿ ಕೈ ನಿಂತಿತ್ತು.
ಹಾಸಿಗೆಯ ಮೇಲೆ ಅಂಗೈ ಮೇಲಾಗಿ, ಯಾರೋ ಇಟ್ಟು ಮರೆತ ತಟ್ಟೆ.
ತಲೆಯೊಳಗೆ ಮಾತ್ರ
ಇನ್ನೂ ಯಾರೋ ಉಸುಕು ಕೆದಕುತ್ತಿದ್ದರು.

ಡಾಕ್ಟರು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು:
ಈ ದೊಡ್ಡ ಅಲೆ ಬಂದಾಗಲೇ ಮೆದುಳಿನ ಸಂದಿಗೆ ನೀರು ನುಗ್ಗುವುದು,
ಹಗಲಿನ ಗಸಿ ತೊಳೆದುಹೋಗುವುದು, ಹಾಗಂತ ಕಾಣುತ್ತದೆ,
ಪೂರ್ತಿ ಗೊತ್ತಿಲ್ಲ ಇನ್ನೂ.
ನನಗೆ ನಮ್ಮ ಓಣಿಯ ನಲ್ಲಿ ನೆನಪಾಯಿತು.
ಎಂಟು ದಿನಕ್ಕೊಮ್ಮೆ, ಅದೂ ಸರಿರಾತ್ರಿಯಲ್ಲಿ,
ಗೊರ್ ಗೊರ್ ಗಾಳಿ ಮೊದಲು, ಆಮೇಲೆ ಕೆಂಪು ನೀರು,
ತಿಳಿಯಾಗುವ ಹೊತ್ತಿಗೆ ಬಂದ್.
ಕೊಡ ಹಿಡಿದು ನಿಂತವರ ಮುಖ ನೀವು ನೋಡಿರಬೇಕು.

ಒಂದು ಹತ್ತಕ್ಕೆ ಬಂತು, ಎಪ್ಪತ್ತನಾಲ್ಕು.
ಇಲಿಯ ಮೇಲೆ ಬೆರಳಿಟ್ಟು ಕುಳಿತೆ.
ಪುಟ ಮಗುಚಿತು. ಮತ್ತೊಂದು ಮಗುಚಿತು.
ನಾನು ಗುರುತು ಹಾಕಲಿಲ್ಲ.
ಹಾಕಿದ್ದರೆ ಸಾಬರು ಅರ್ಧ ನಿಮಿಷ ಹೆಚ್ಚು ಮಲಗಿದಂತೆ ಆಗುತ್ತಿತ್ತೇ?
ಈಗಲೂ ಆ ಪುಟದ ನಂಬರು ನೆನಪಿದೆ.

ಐದೂಕಾಲಿಗೆ ಮೊದಲು ಎದ್ದದ್ದು ಕೈ.
ಹೆಬ್ಬೆರಳು, ತೋರುಬೆರಳು, ಮಾತ್ರೆ ಹೊಸೆದಂತೆ.
ಆಮೇಲೆ ಕಣ್ಣು.

'ಎಷ್ಟು ಮಲಗ್ಯಾರಮ್ಮಾ, ಮಿಷಿನ್ನು ಏನಂತೈತಿ?'
ಗಾಢ ನಿದ್ದೆ ಹನ್ನೊಂದು ನಿಮಿಷ ಅಂದೆ.
ಖೈರುನ್ನಬಿ ಬಾಯಲ್ಲೇ ಏನೋ ಲೆಕ್ಕ ಹಾಕಿದರು.
'ಕೈ ನಿಂತಿದ್ದು ಹದಿನಾಕು ತಸ್ಬಿ. ಮನ್ಯಾಗೆ ಒಂಬತ್ತು, ಹತ್ತು ಆಗ್ತಿತ್ತು.'
ಅಷ್ಟು ಹೊತ್ತು ಎದ್ದಿದ್ದಿರಾ?
'ಮತ್ತೆ? ಅದೊಂದೇ ಹೊತ್ತು ಅವರ ಕೈ ನನಗ ಸಿಗೋದು.'

ನಾನು ತಂತಿ ಬಿಚ್ಚತೊಡಗಿದೆ.
ಕೂದಲಲ್ಲಿ ಅಂಟು ಗಟ್ಟಿಯಾಗಿತ್ತು,
ಬಿಸಿನೀರಲ್ಲಿ ಎರಡು ಸಲ ತೊಳೆದರೆ ಹೋಗುತ್ತದೆ ಎಂದೆ.
ಅರ್ಧ ಲೋಟ ಚಹಾ ಎರಡೂ ಕೈಯಲ್ಲಿ ಹಿಡಿದು, ಚೆಲ್ಲಿ,
ಸಾಬರು ಹೆಂಡತಿಯ ಕಡೆ ತಿರುಗಿ ಕೇಳಿದರು,
'ಇವತ್ತು ನೀರು ಬಿಡೋ ದಿನ ಹೌದೇನೇ?'