ಮಿಡತೆ ನಿಲ್ದಾಣಕ್ಕೆ ಐದು ಪೆಸೊ

ಸಂತೆ ಕರಗಿದ ಮೇಲೆ, ಚೀಸಿನ ತಕ್ಕಡಿ ತೊಳೆದಿಟ್ಟು,
ಹಳೇ ರಸೀತಿಯ ಬೆನ್ನ ಮೇಲೆ ಬರೆಯುತ್ತೇನೆ:
ವಾಹಾಕದಿಂದ ಮೆಕ್ಸಿಕೋ ನಗರ, ಇಬ್ಬರು ಹೆಂಗಸರು, ಮೂರು ಹಗಲು.
ರಾತ್ರಿ ಬಸ್ಸಾದರೆ ಒಂದು ರಾತ್ರಿಯ ಬಾಡಿಗೆ ಉಳಿಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಹಾಸಿಗೆಯೇ ಇಲ್ಲ, ಇರುವುದು ಸೀಟು;
ಮಂಡಿ ಮಡಚಿ ಕೂತರೆ ಅಷ್ಟೂ ಲಾಭ.

ಪಕ್ಕದಂಗಡಿಯ ಒತಿಲಿಯಾ ಕೇಳುತ್ತ
ಉಳಿದ ಮಿಡತೆಗಳನ್ನು ಕೇರುತ್ತಿದ್ದಾಳೆ.
ಬೆಳ್ಳುಳ್ಳಿ, ನಿಂಬೆ, ಉಪ್ಪು ಹಾಕಿ ಹುರಿದವು, ಕೆಂಪಗೆ, ಗರಿಗರಿ.
ನಲವತ್ತು ವರ್ಷದಿಂದ ದೂರದವರು ಬಂದು
ಅಳುಕುತ್ತ ಒಂದು ಕಾಲು ಕಚ್ಚಿ
ಅವಳ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ.
ಎಷ್ಟು ಮಂದಿಯ ಗೋಡೆಯ ಮೇಲೆ ನಗುತ್ತಿದ್ದಾಳೋ
ಒತಿಲಿಯಾ, ಮನೆ ಬಿಟ್ಟು ಎಲ್ಲೂ ಹೋಗದವಳು.

ಭಾನುವಾರ ಮ್ಯೂಸಿಯಂ ನಮ್ಮಂಥವರಿಗೆ ಬಿಟ್ಟಿ.
ಅಂದರೆ ಶನಿವಾರ ಹೊರಡಬೇಕು.
ಶನಿವಾರವೋ ದೊಡ್ಡ ಸಂತೆ, ಬಿಡುವ ಮಾತೇ ಇಲ್ಲ;
ಕೈ ತೊಳೆದು ಹಾಗೇ ಬಸ್ಸು ಹತ್ತೋಣ,
ವಾಸನೆಗೆ ಟಿಕೆಟ್ಟು ಕೇಳುವುದಿಲ್ಲವಲ್ಲ.
ಸೋಮವಾರ ಎಲ್ಲ ಬಾಗಿಲೂ ಬೀಗ.
ಆ ದಿನ ಬೀದಿ ನೋಡುವುದು. ಬೀದಿಗೆ ರಜೆಯಿಲ್ಲ.
ಮಲಗಲು ಅವಳ ತಂಗಿಯ ಮಗಳು ನಿಯೆವೆಸಳ ಅಡುಗೆಮನೆ ನೆಲ;
ನೆಲಕ್ಕೆ ಬಾಡಿಗೆ, ನೂಲುಂಡೆಯಂತೆ ಸುತ್ತಿದ ಚೀಸು, ಒಂದು ಕಿಲೊ.
(ಮುಕ್ಕಾಲು, ಅಂತ ತಿದ್ದಿದೆ.)

ಗೋಪುರದ ಲಿಫ್ಟಿಗೆ ಬಂದಾಗ ಪೆನ್ಸಿಲು ನಿಂತಿತು.
ಇಬ್ಬರಿಗೆ ಅಷ್ಟೊಂದೇ?
“ಎತ್ತರಕ್ಕೂ ದುಡ್ಡೇನೇ? ಗುಡ್ಡ ಹತ್ತಿಲ್ಲವೇ ನಾನು?”
ಅಲ್ಲಿಂದ ಕಾಣುವುದು ಗುಡ್ಡವಲ್ಲ ಕಣೇ,
ಎರಡು ಕೋಟಿ ಜನ, ಒಂದೇ ನೋಟಕ್ಕೆ.
ಅವಳು ಬುಟ್ಟಿಯೊಳಗೆ ಇಣುಕಿದಳು.
“ಇಷ್ಟರಲ್ಲಿ ಸಾಲುವುದಿಲ್ಲ” ಎಂದಳು.
ಗೋಪುರದ ಮುಂದೆ ಪ್ರಶ್ನೆಚಿಹ್ನೆ.

ಆಮೇಲೆ, ಮೊರದ ಮೇಲಿನ ಕಣ್ಣು ಎತ್ತದೆ,
“ಜನರ ಮಧ್ಯೆ ನೀನು ತಪ್ಪಿಹೋದರೆ?
ಇಳಿಯುವ ಜಾಗದ ಹೆಸರು ನನಗಾರು ಓದಿ ಹೇಳುತ್ತಾರೆ?”
ಇಷ್ಟು ದಿನ ಜೊತೆಗೆ ಕೂತು
ಅವಳ ಉದ್ರಿಯ ಲೆಕ್ಕವನ್ನೂ ಬರೆದುಕೊಟ್ಟವಳು ನಾನು.
ಆ ಭಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಅದಕ್ಕೇ ಹೇಳಿದೆ: ಅಲ್ಲಿನ ಮೆಟ್ರೋದಲ್ಲಿ
ಪ್ರತಿ ನಿಲ್ದಾಣಕ್ಕೂ ಒಂದೊಂದು ಚಿತ್ರವಿದೆ.
ಬಸ್ಸಿಳಿದ ಜಾಗ ಹೊಗೆಬಂಡಿ. ಆಮೇಲೆ ಬಾತುಕೋಳಿ.
ಸೇಬಿನ ಪೆಟ್ಟಿಗೆ. ಹಳೇ ಗುಡಿಯ ಜಗಲಿ. ಹಡಗು.
ಕಾರಂಜಿ, ಫಿರಂಗಿ, ಹದ್ದು, ಗಂಟೆ,
ನೀರು ತಂದ ಕಮಾನುಗಳು, ಅದಾದ ಮೇಲೆ…
“ಅದಾದ ಮೇಲೆ?”
ಮಿಡತೆ.
“ಹುಚ್ಚಿ!”
ನಿಜ ಕಣೇ. ಆ ಜಾಗದ ಹೆಸರೇ ಮಿಡತೆಗುಡ್ಡ.
ಉದ್ಯಾನ, ಕೆರೆ, ಮ್ಯೂಸಿಯಂ, ಎಲ್ಲ ಅಲ್ಲೇ.
ಎಷ್ಟು ದೂರ ಹೋದರೂ ಐದೇ ಪೆಸೊ.

ಅವಳು ನಕ್ಕ ನಗೆಗೆ ಮೊರದಲ್ಲಿದ್ದವೂ ಹಾರಿದವು,
ಹುರಿದವು, ಉಪ್ಪು ಹಚ್ಚಿದವು.

ಇವತ್ತು ಬುಟ್ಟಿಗೆ ಮುಚ್ಚುವ ಬಟ್ಟೆ ತಂದು ಹಾಸಿದಳು.
ಅಂಚಿನುದ್ದಕ್ಕೂ ಕಸೂತಿ: ಬಂಡಿ, ಪೆಟ್ಟಿಗೆ, ಹಡಗು,
ಹದ್ದಿಗೆ ಅವಳ ಗಂಡನ ಮೂಗು.
ಬಾತುಕೋಳಿ ಬರೀ ಕೋಳಿಯಾಗಿದೆ.
“ಇರಲಿ ಬಿಡು, ಅಲ್ಲಿ ಇಳಿಯುವುದಿಲ್ಲವಲ್ಲ.”
ವಾಪಸು ಬರುವಾಗ ಬಟ್ಟೆಯನ್ನು
ಈ ತುದಿಯಿಂದ ಓದಿದರಾಯಿತಂತೆ.
ಓದಿದರೆ, ಎಂದಳು. ಗಮನಿಸಿದೆ. ಸುಮ್ಮನಿದ್ದೆ.

ಮಿಡತೆ ಮಾತ್ರ ಅರ್ಧಕ್ಕೆ ನಿಂತಿದೆ,
ಹಿಂಗಾಲು ಎರಡೂ ಬಾಕಿ.
“ಹಸಿರು ನೂಲು, ಎರಡು ಲಡಿ,” ಎಂದಳು ಒತಿಲಿಯಾ,
“ಖರ್ಚಿಗೆ ಬರೆದುಕೋ.”