ನಲವತ್ತನೇ ಮೆಟ್ಟಿಲು

ಪೋರ್ತೊ ಆಸ್ಪತ್ರೆಯಲ್ಲಿ ರಕ್ತಕ್ಕೆ ನರ ಹುಡುಕುತ್ತಾಳೆ ಝುಲ್ಮೀರಾ.
ಅದಲ್ಲ, ಅದು ಬತ್ತಿ ಎಷ್ಟೋ ವರ್ಷ, ಎನ್ನುತ್ತಾನೆ ಅದೆರಿತು,
ಹಳೇ ಓಣಿಯ ಮನೆಗಳನ್ನು ತೋರಿಸುವವನ ಹಾಗೆ:
ಇಲ್ಲಿ ಯಾರೂ ಇಲ್ಲ. ಇಲ್ಲೂ.
ಬಲಗೈ, ಹೆಬ್ಬೆರಳ ಬುಡದಲ್ಲೊಂದಿದೆ,
ಮೆಲ್ಲಗೆ ಕರೆದರೆ ಬರುತ್ತದೆ.

ಆಮೇಲೆ ಕತ್ತಲ ಕೋಣೆ, ಪರದೆಯ ಮೇಲೆ ಅವನ ಹೃದಯ.
ಒಂದು ಕವಾಟ
ಚಿಲಕ ಸಡಿಲಾದ ಕಿಟಕಿಯಂತೆ ಪಟಪಟಿಸುತ್ತಿದೆ.
ಐವತ್ತೆರಡು ವರ್ಷ ಜೊತೆಗಿದ್ದೂ
ಮುಖ ನೋಡಿದ್ದು ಇವತ್ತೇ.
ಏನೇನೆಲ್ಲ ಉಣಿಸಿದೆ ನಿನಗೆ,
ಒಂದು ದಿನ ರಜೆ ಕೇಳಲಿಲ್ಲವಲ್ಲ, ಮಾರಾಯ.

ಈಗ ಬೆಳಿಗ್ಗೆ ಅರ್ಧ ಬಿಳಿ ಗುಳಿಗೆ, ಉಪ್ಪಿಲ್ಲದ ಸೂಪು.
ಹೆರಾಯಿನ್ ಬಿಟ್ಟದ್ದು ಸಲೀಸು, ಉಪ್ಪುಮೀನು ಬಿಡೋದೇ ಕಷ್ಟ
ಎಂದು ಸುಳ್ಳು ಹೇಳಿ ಅಕ್ಕನನ್ನು ನಗಿಸುತ್ತಾನೆ.

ದೋರು ನದಿಯಿಂದ ಮನೆಗೆ ನೂರಾ ಹದಿನಾಲ್ಕು ಮೆಟ್ಟಿಲು.
ನಲವತ್ತರಲ್ಲಿ ನಿಂತು
ಕುತ್ತಿಗೆಗೆ ಎರಡು ಬೆರಳಿಟ್ಟು ಎಣಿಸುತ್ತಾನೆ.
ಹಿಂದೆ ಇದೇ ಮೂಲೆಯಲ್ಲಿ, ಇದೇ ಬೆರಳಲ್ಲಿ
ಎಣಿಸುತ್ತಿದ್ದದ್ದು ಚಿಲ್ಲರೆ.

ಮೇಲಿನ ಕಿಟಕಿಯಲ್ಲಿ ಬಟ್ಟೆ ಒಣಹಾಕುವಾಕೆ ಬಗ್ಗಿ ಕೇಳುತ್ತಾಳೆ,
ಏನಾಯ್ತು, ಯಾಕೆ ನಿಂತೆ?

ಏನಿಲ್ಲ, ಕೈ ಎತ್ತುತ್ತಾನೆ,
ಇವನಿಗೆ ಸ್ವಲ್ಪ ಸುಸ್ತು.
ಕಾಯ್ತಾ ಇದ್ದೀನಿ.