ಮುಖ ನೋಡಿ ಮಣೆ

ಮಲ್ಪೆ ಬಂದರಿನ ಸೊಸೈಟಿ ಕೋಣೆ. ಬೆಳಗಿನ ಐದೂವರೆ.
ನಾನು ಕಟ್ಟಿದ ದರಪಟ್ಟಿ ಪರದೆಯಲ್ಲಿ,
ದುಬಾರಿಯದು ಮೊದಲು:

ಬೂತಾಯಿ ೯೦
ಕಾಣೆ ೬೫೦
ಬಂಗುಡೆ ೨೪೦
ಎಲ್ಲದರ ಅಡಿಗೆ, ಬಾಲ ಮಡಚಿಕೊಂಡು,
ಅಂಜಲ್ ೧೧೦೦.

ವಾರಿಜಕ್ಕ ಬುಟ್ಟಿ ಇಳಿಸಿ ನಕ್ಕರು:
"ಎಂಥದು ಮಾರಾಯ,
ನಿನ್ನ ಯಂತ್ರವೂ ಮುಖ ನೋಡಿ ಮಣೆ ಹಾಕ್ತದಾ?"

ಹಾಕುತ್ತದೆ. ಅಂಕಿಗಳನ್ನು ಅಕ್ಷರವೆಂದು
ತುಂಬಿಸಿಟ್ಟವನು ನಾನೇ.
ಮೊದಲಿನ ಒಂಬತ್ತು ಕಂಡದ್ದೇ ಅದಕ್ಕೆ ಸಾಕಾಯಿತು;
ಒಂದರ ಹಿಂದೆ ಎಷ್ಟು ಮಂದಿ ನಿಂತಿದ್ದಾರೆಂದು
ಎಣಿಸುವ ಗೋಜಿಗೇ ಹೋಗಲಿಲ್ಲ.

ಒಂದು ಪದ ತಿದ್ದಿದೆ.
ಸಾಲು ಕದಲಿತು. ಅಂಜಲ್ ಈಜಿ ಮೇಲೆ ಬಂತು,
ಬೂತಾಯಿ ತಳ ಸೇರಿತು.

"ನೋಡಿ ಅಕ್ಕ, ಈಗ ಸರಿ."

ಅವರು ನೋಡಲಿಲ್ಲ.
ಸಿಂಬಿ ಸರಿಪಡಿಸಿ,
ಮಂಜುನೀರು ಸೋರುವ ಬೂತಾಯಿ ಬುಟ್ಟಿಯನ್ನು
ತಲೆಗೇರಿಸಿಕೊಂಡು ಹೇಳಿದರು:
"ನನಗೆ ಮಾತ್ರ ಇದೇ ಮೇಲೆ."